ಗೇಮ್‌ನಲ್ಲಿ ಒಳ್ಳೆಯ ಆಯುಧ ಸಿಗಬೇಕಾದರೆ ಬೆಳಗಿನ ಜಾವ ಮೂರಕ್ಕೆ ಏಳಬೇಕೇ?

"ಬೆಳಗಿನ ಜಾವ 3 ಗಂಟೆಗೆ ಸರ್ವರ್ ಖಾಲಿ ಇರುತ್ತೆ. ಆಗ ವಿಶ್ ಮಾಡಿದ್ರೆ ಐದು ಸ್ಟಾರ್ ಗ್ಯಾರಂಟಿ. ನನಗೆ ಬಂತು, ನಿಮಗೂ ಬರುತ್ತೆ. ಇದನ್ನ ಐದು ಗ್ರೂಪಿಗೆ ಕಳಿಸಿ, ಕೆಳಗಿನ ಲಿಂಕ್ ಒತ್ತಿ, 6480 ಪ್ರೈಮೊಜೆಮ್ ಉಚಿತವಾಗಿ ಪಡೆಯಿರಿ!"

ದಾವಣಗೆರೆಯಲ್ಲಿ ಎರಡನೇ ಪಿಯುಸಿ ಓದುತ್ತಿರುವ ನನ್ನ ಚಿಕ್ಕಮ್ಮನ ಮಗ ಈ ಮೆಸೇಜನ್ನು ನನಗೆ ಕಳಿಸಿದ. ಜೊತೆಗೆ ಒಂದು ಸಾಲು: "ಅಕ್ಕಾ, ಫಾರ್ವರ್ಡ್ ನಿಜಾನೋ ಸುಳ್ಳೋ ಅಂತ ನೀನು ಚೆಕ್ ಮಾಡ್ತೀಯಲ್ಲ, ಇದನ್ನೂ ಸ್ವಲ್ಪ ನೋಡು." ನೋಡುವಷ್ಟರಲ್ಲಿ ಗೊತ್ತಾಯಿತು, ಅವನು ಲಿಂಕ್ ಒತ್ತಿ ಆಗಲೇ ಎರಡು ದಿನವಾಗಿತ್ತು. ಐದು ತಿಂಗಳು ಕೂಡಿಟ್ಟಿದ್ದ ಸುಮಾರು 12 ಸಾವಿರ ಪ್ರೈಮೊಜೆಮ್ ಅವನ ಅಕೌಂಟ್‌ನಿಂದ ಮಾಯವಾಗಿತ್ತು.

ಗೇಮ್ ಆಡದವರಿಗೆ ಇದು ಮಕ್ಕಳ ಗೋಳು ಅನ್ನಿಸಬಹುದು. ಆದರೆ ಇಂಥ ಆಟಗಳಲ್ಲಿ ನಿಜವಾದ ಹಣ, ನಿಜವಾದ ನಿದ್ದೆ, ನಿಜವಾದ ಫೋನ್ ನಂಬರ್ ಎಲ್ಲವೂ ಇರುತ್ತವೆ. ಮನೆಯಲ್ಲಿ ಯಾರಾದರೂ ಇಂಥ ಆಟ ಆಡುತ್ತಿದ್ದರೆ, ಅದರೊಳಗಿನ ಅದೃಷ್ಟ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಮ್ಮೆ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು. ಲೆಕ್ಕ ಗೊತ್ತಿರುವವನಿಗೆ ಇಂಥ ಲಿಂಕ್ ಒತ್ತುವ ಅವಸರ ಅರ್ಧ ಕಡಿಮೆಯಾಗುತ್ತದೆ.

ಯಾವ ಆಟ ಇದು?

ಗೆನ್‌ಶಿನ್ ಇಂಪ್ಯಾಕ್ಟ್. ಚೀನಾದ ಶಾಂಘೈನ ಮಿಹೊಯೊ ಕಂಪನಿಯದು. ಹೊರದೇಶಗಳಲ್ಲಿ ಹೊಯೊವರ್ಸ್ ಎಂಬ ಹೆಸರಿನಲ್ಲಿ ನಡೆಯುತ್ತದೆ. 2020ರ ಸೆಪ್ಟೆಂಬರ್ 28ರಂದು ಬಿಡುಗಡೆಯಾಯಿತು. ಡೌನ್‌ಲೋಡ್ ಉಚಿತ, ಕಥೆ ಪೂರ್ತಿ ಆಡುವುದೂ ಉಚಿತ. ಇದು ರೋಲ್ ಪ್ಲೇಯಿಂಗ್ ಗೇಮ್. ಅಂದರೆ ನೀವು ಒಂದು ಪಾತ್ರವನ್ನು ಬೆಳೆಸುತ್ತ ಹೋಗುತ್ತೀರಿ. ಅದಕ್ಕೆ ಆಯುಧ ಕೊಡಬೇಕು, ಆಯುಧದ ಲೆವೆಲ್ ಏರಿಸಬೇಕು, ಮೈಮೇಲೆ ಐದು 'ಆರ್ಟಿಫ್ಯಾಕ್ಟ್' ತೊಡಿಸಬೇಕು. ಹೂವು, ಗರಿ, ಮರಳು ಗಡಿಯಾರ, ಬಟ್ಟಲು, ಕಿರೀಟ ಎಂದು ಐದು ಜಾಗ. ಒಡವೆಗಳ ಸೆಟ್ ಇದ್ದ ಹಾಗೆ ಅಂದುಕೊಳ್ಳಿ. ಪಾತ್ರದ ಬಲ ಎಷ್ಟು ಎಂಬುದನ್ನು ಬಹುಮಟ್ಟಿಗೆ ಇವೇ ನಿರ್ಧರಿಸುತ್ತವೆ.

ಕನ್ನಡ ಬಿಡಿ, ಈ ಆಟ ಭಾರತದ ಯಾವ ಭಾಷೆಯಲ್ಲೂ ಇಲ್ಲ. ಯಾವುದು ಸಿಗುವ ಸಾಧ್ಯತೆ ಎಷ್ಟು ಎಂದು ಕಂಪನಿಯೇ ಬರೆದಿಟ್ಟ ಪುಟ ಆಟದೊಳಗೇ ಇದೆ. ಆದರೆ ಸಣ್ಣ ಅಕ್ಷರದ ಆ ಇಂಗ್ಲಿಷ್ ಪುಟವನ್ನು ಓದುವವರು ಕಡಿಮೆ. ಆ ಖಾಲಿ ಜಾಗವನ್ನು ಫಾರ್ವರ್ಡ್‌ಗಳು ತುಂಬುತ್ತವೆ.

ಒಂದೇ ಆಟ, ಎರಡು ಬಗೆಯ ಅದೃಷ್ಟ

ಬಹಳ ಜನ ಎಡವುವುದು ಇಲ್ಲೇ.

ಮೊದಲನೆಯದು 'ವಿಶ್'. 160 ಪ್ರೈಮೊಜೆಮ್ ಕೊಟ್ಟರೆ ಒಂದು ವಿಶ್, ಅಂದರೆ ಒಂದು ಲಾಟರಿ ಚೀಟಿ. ಹೊಸ ಪಾತ್ರಗಳ ಬ್ಯಾನರ್‌ನಲ್ಲಿ ಐದು ಸ್ಟಾರ್ ಪಾತ್ರ ಬರುವ ಮೂಲ ಸಾಧ್ಯತೆ 0.6%. ಸಾವಿರ ಸಲ ಒತ್ತಿದರೆ ಆರು ಸಲ. ಆದರೆ ಇದಕ್ಕೊಂದು ಮಿತಿ ಇದೆ. 89 ಸಲ ಏನೂ ಬರದಿದ್ದರೆ 90ನೇ ಸಲ ಬಂದೇ ಬರುತ್ತದೆ. ಆಟಗಾರರು ಇದನ್ನು 'ಪಿಟಿ' ಎನ್ನುತ್ತಾರೆ, ಕರುಣೆ ಎಂಬ ಅರ್ಥದಲ್ಲಿ. ಅಷ್ಟೇ ಅಲ್ಲ, ಆಟಗಾರರು ತಮ್ಮ ವಿಶ್‌ಗಳ ದಾಖಲೆಯನ್ನು ದೊಡ್ಡ ಸಂಖ್ಯೆಯಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸುಮಾರು 74ನೇ ವಿಶ್‌ನಿಂದ ಆಚೆಗೆ ಸಾಧ್ಯತೆ ಸರಸರನೆ ಏರುತ್ತದೆ ಎಂಬುದು ಕಂಡಿದೆ. ಎಲ್ಲ ಸೇರಿಸಿ ಕಂಪನಿಯೇ ಹೇಳುವ ಸರಾಸರಿ 1.6%, ಅಂದರೆ ಸುಮಾರು 62 ವಿಶ್‌ಗೆ ಒಂದು. ಆಯುಧಗಳ ಬ್ಯಾನರ್ ಬೇರೆ. ಅಲ್ಲಿ ಮೂಲ ಸಾಧ್ಯತೆ 0.7%, ಮಿತಿ 80.

ಎರಡನೆಯದು ಆರ್ಟಿಫ್ಯಾಕ್ಟ್. ಇದನ್ನು ಗುಹೆಯಂಥ 'ಡೊಮೇನ್'ಗಳಲ್ಲಿ ಹೋರಾಡಿ ಗಳಿಸಬೇಕು. ಇಲ್ಲಿ ಪಿಟಿ ಇಲ್ಲ. ನೂರು ಸಲ ಬರದಿದ್ದರೂ ನೂರಾ ಒಂದನೇ ಸಲದ ಸಾಧ್ಯತೆ ಮೊದಲ ಸಲದಷ್ಟೇ.

ಚೌಕಾಬಾರ ಆಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹತ್ತು ಸಲ ಬಾರ ಬೀಳಲಿಲ್ಲ ಎಂದರೆ ಹನ್ನೊಂದನೇ ಸಲ ಬೀಳಲೇಬೇಕು ಎಂದು ನಮ್ಮ ಮನಸ್ಸು ಹೇಳುತ್ತದೆ. ಆದರೆ ಕವಡೆಗೆ ನೆನಪಿಲ್ಲ. ಹಿಂದೆ ಏನು ಬಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ಆರ್ಟಿಫ್ಯಾಕ್ಟ್ ಎಂದರೆ ಕವಡೆ. ವಿಶ್ ಹಾಗಲ್ಲ, ಅದು ಪ್ರತಿ ಸೋಲನ್ನೂ ಬರೆದಿಟ್ಟುಕೊಳ್ಳುವ ಶೆಟ್ಟರ ಖಾತೆ ಪುಸ್ತಕ. ವಿಶ್‌ನಲ್ಲಿ "ಇಷ್ಟು ಸೋತಿದ್ದೇನೆ, ಇನ್ನು ಬರಬೇಕು" ಎಂದುಕೊಳ್ಳುವುದು ಸರಿಯಾದ ಲೆಕ್ಕ. ಆರ್ಟಿಫ್ಯಾಕ್ಟ್‌ನಲ್ಲಿ ಅದೇ ಮಾತು ಶುದ್ಧ ಭ್ರಮೆ. ಒಂದೇ ಫೋನಿನಲ್ಲಿ ಒಂದೇ ಆಟದಲ್ಲಿ ಎರಡೂ ಇರುವುದರಿಂದ ಒಂದರಲ್ಲಿ ಕಲಿತ ಪಾಠವನ್ನು ಇನ್ನೊಂದಕ್ಕೆ ಹಚ್ಚಿಬಿಡುತ್ತೇವೆ.

ಹಾಗಾದರೆ ಮೂರು ಗಂಟೆಯ ಕಥೆ?

ಸುಳ್ಳು. ಫಲಿತಾಂಶ ತೀರ್ಮಾನವಾಗುವುದು ಕಂಪನಿಯ ಸರ್ವರ್‌ನಲ್ಲಿ, ಪ್ರಕಟವಾಗಿರುವ ಸಾಧ್ಯತೆಯ ಪ್ರಕಾರ. ಹೊತ್ತಿನಿಂದ ಆ ಸಾಧ್ಯತೆ ಬದಲಾಗುವುದಿಲ್ಲ. ಇನ್ನು ಸರ್ವರ್ ಖಾಲಿ ಇರುತ್ತದೆ ಎಂಬ ಮಾತೂ ಅಷ್ಟೇ. ಏಷ್ಯಾ ಸರ್ವರ್ ಹಲವು ದೇಶಗಳವರದು. ನಮಗೆ ಮೂರು ಗಂಟೆಯಾದಾಗ ಜಪಾನಿನಲ್ಲಿ ಆರೂವರೆ.

ಆದರೂ ಕೆಲವರಿಗೆ ಮೂರು ಗಂಟೆಗೇ ಬಂತಲ್ಲ? ಬಂದಿರುತ್ತದೆ, ಅದರಲ್ಲಿ ಆಶ್ಚರ್ಯವೇನಿಲ್ಲ. ಸಾವಿರ ಜನ ಅಲಾರಂ ಇಟ್ಟು ಎದ್ದು ತಲಾ ಹತ್ತು ವಿಶ್ ಮಾಡಿದರು ಎಂದಿಟ್ಟುಕೊಳ್ಳಿ. ಬರೀ ಮೂಲ ಸಾಧ್ಯತೆಯ ಲೆಕ್ಕದಲ್ಲೇ ಅವರಲ್ಲಿ ಸುಮಾರು 58 ಜನರಿಗೆ ಐದು ಸ್ಟಾರ್ ಬರುತ್ತದೆ. ಆ 58 ಜನ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಉಳಿದ 942 ಜನ ಸುಮ್ಮನೆ ಮಲಗುತ್ತಾರೆ. ನಮ್ಮ ಗ್ರೂಪಿಗೆ ಬರುವುದು 58ರ ಕಥೆ ಮಾತ್ರ.

ಜೊತೆಗೆ ಪಿಟಿಯೂ ಇದೆ. ಮೂರರಲ್ಲಿ ಸುಮಾರು ಎರಡು ಸಲ ಐದು ಸ್ಟಾರ್ ಬರುವುದು 74ನೇ ವಿಶ್ ಅಥವಾ ಅದರ ನಂತರ. ಹಗಲು ಹೊತ್ತಿನಲ್ಲಿ 73 ಸಲ ಸೋತವನು ಬೇಸತ್ತು "ಇನ್ನು ಮೂರು ಗಂಟೆಗೇ ನೋಡೋಣ" ಎಂದು ಎದ್ದರೆ, ಅವನಿಗೆ ಸಿಗುವ ಸಾಧ್ಯತೆ ಹೇಗೂ ಏರಿಯೇ ಇರುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಅದೇ. ನಿರ್ದಿಷ್ಟ ವಿಗ್ರಹದ ಮುಂದೆ ನಿಂತು ವಿಶ್ ಮಾಡುವುದು, ಹತ್ತನ್ನು ಒಟ್ಟಿಗೆ ಒತ್ತದೆ ಒಂದೊಂದಾಗಿ ಒತ್ತುವುದು, ಇವೂ ಇದೇ ಜಾತಿಯವು. ಒಂದೊಂದಾಗಿ ಒತ್ತುವುದರಿಂದ ಒಂದು ಲಾಭವಂತೂ ಇದೆ: ಮೂರನೆಯದರಲ್ಲೇ ಸಿಕ್ಕರೆ ಉಳಿದ ಏಳನ್ನು ಉಳಿಸಿಕೊಳ್ಳಬಹುದು. ಸಾಧ್ಯತೆ ಮಾತ್ರ ಹೆಚ್ಚುವುದಿಲ್ಲ.

ಬಟ್ಟಲಿನ ಲೆಕ್ಕ

ಈಗ ಆರ್ಟಿಫ್ಯಾಕ್ಟ್‌ಗೆ ಬರೋಣ. ಹುಡುಗರು ರಾತ್ರಿ ಹಗಲು ಕೂರುವುದು ಇದಕ್ಕೇ.

ಡೊಮೇನ್‌ನಲ್ಲಿ ಗೆದ್ದ ಮೇಲೆ ಬಹುಮಾನ ತೆಗೆಯಲು 20 'ರೆಸಿನ್' ಬೇಕು. ರೆಸಿನ್ ಎಂಟು ನಿಮಿಷಕ್ಕೆ ಒಂದರಂತೆ ತಾನೇ ತುಂಬುತ್ತದೆ. ದಿನಕ್ಕೆ 180. ಅಂದರೆ ದಿನಕ್ಕೆ ಒಂಬತ್ತು ಸಲ, ಅಷ್ಟೇ. ಹನ್ನೆರಡು ಗಂಟೆ ಕೂತರೂ ಹತ್ತನೆಯದು ಇಲ್ಲ, ಪ್ರೈಮೊಜೆಮ್ ಸುರಿದೋ ಬೇರೆ ರೀತಿಯಲ್ಲೋ ಹೆಚ್ಚುವರಿ ರೆಸಿನ್ ಪಡೆದರೆ ಮಾತ್ರ ಉಂಟು. "ಜಾಸ್ತಿ ಹೊತ್ತು ಆಡಿದವನಿಗೆ ಒಳ್ಳೆಯ ಸಾಮಾನು" ಎಂಬ ನಂಬಿಕೆ ಇಲ್ಲಿಗೇ ಬಿತ್ತು. ರೆಸಿನ್ 200ಕ್ಕೆ ತುಂಬಿ ನಿಲ್ಲುತ್ತದೆ. ಖಾಲಿಯಿಂದ ಪೂರ್ತಿ ತುಂಬಲು 26 ಗಂಟೆ 40 ನಿಮಿಷ. ಹಾಗಾಗಿ ದಿನಕ್ಕೊಮ್ಮೆ, ಯಾವುದೋ ಒಂದು ಹೊತ್ತಿನಲ್ಲಿ ಬಂದು ಖರ್ಚು ಮಾಡಿ ಹೋದರೆ ಒಂದು ಹನಿಯೂ ಪೋಲಾಗುವುದಿಲ್ಲ. 40 ರೆಸಿನ್ ಸೇರಿಸಿ 'ಕಂಡೆನ್ಸ್ಡ್ ರೆಸಿನ್' ಮಾಡಿಕೊಂಡರೆ ಒಂದು ಹೋರಾಟಕ್ಕೆ ಎರಡರ ಬಹುಮಾನ. ಬಹುಮಾನದ ಒಟ್ಟು ಮೊತ್ತ ಹೆಚ್ಚುವುದಿಲ್ಲ, ಸಮಯ ಅರ್ಧವಾಗುತ್ತದೆ. ಪರೀಕ್ಷೆಗೆ ಓದುವವರಿಗೆ ಇಡೀ ಆಟದಲ್ಲಿ ಇದಕ್ಕಿಂತ ಉಪಯೋಗದ ವಸ್ತು ಇಲ್ಲ ಎಂಬುದು ನನ್ನ ಅಭಿಪ್ರಾಯ.

ಮಿಂಚಿನ ಶಕ್ತಿಯ ಪಾತ್ರಕ್ಕೆ ಮಿಂಚಿನ ಬಲ ಹೆಚ್ಚಿಸುವ ಬಟ್ಟಲು ಬೇಕು ಅಂದುಕೊಳ್ಳಿ. ಒಂದು ಡೊಮೇನ್‌ನಲ್ಲಿ ಎರಡು ಸೆಟ್ ಬೀಳುತ್ತವೆ; ನಿಮಗೆ ಬೇಕಾದ ಸೆಟ್ ಬರುವುದು ಎರಡರಲ್ಲಿ ಒಂದು. ಐದು ಜಾಗಗಳಲ್ಲಿ ಬಟ್ಟಲೇ ಬರುವುದು ಐದರಲ್ಲಿ ಒಂದು. ಬಟ್ಟಲಿನಲ್ಲಿ ಮಿಂಚೇ ಇರುವುದು, ಆಟಗಾರರು ಕಲೆಹಾಕಿದ ಲೆಕ್ಕದ ಪ್ರಕಾರ, ಸುಮಾರು ಇಪ್ಪತ್ತರಲ್ಲಿ ಒಂದು. ಮೂರನ್ನೂ ಗುಣಿಸಿ: 200ರಲ್ಲಿ ಒಂದು. ಒಂದು ಸಲಕ್ಕೆ ಹೆಚ್ಚುಕಡಿಮೆ ಒಂದೇ ಐದು ಸ್ಟಾರ್ ಆರ್ಟಿಫ್ಯಾಕ್ಟ್ ಸಿಗುತ್ತದೆ. ದಿನಕ್ಕೆ ಒಂಬತ್ತು ಸಲದಂತೆ ಸರಾಸರಿ 22 ದಿನ.

ಸರಾಸರಿ ಎಂಬ ಮಾತನ್ನು ಸ್ವಲ್ಪ ಹುಷಾರಾಗಿ ನೋಡಬೇಕು. ಇನ್ನೂರಕ್ಕೆ ಒಂದು ಎಂದರೆ ಇನ್ನೂರು ಸಲ ಮಾಡಿದವರಿಗೆಲ್ಲ ಸಿಗುತ್ತದೆ ಎಂದಲ್ಲ. ಇನ್ನೂರು ಸಲ ಮಾಡಿದ ಮೇಲೂ ನೂರರಲ್ಲಿ ಸುಮಾರು 37 ಜನರಿಗೆ ಸಿಕ್ಕಿರುವುದಿಲ್ಲ. ಇದು ಯಾವ ಮೋಸವೂ ಅಲ್ಲ, ನೆನಪಿಲ್ಲದ ಕವಡೆಯ ಸ್ವಭಾವವೇ ಹಾಗೆ. "ನನ್ನ ಅಕೌಂಟ್ ಶಾಪಗ್ರಸ್ತ" ಎಂದು ಅಳುವವರಲ್ಲಿ ಹೆಚ್ಚಿನವರು ಈ 37ರಲ್ಲಿ ಇರುವವರು. ಅವರ ಅಕೌಂಟ್‌ಗೆ ಏನೂ ಆಗಿರುವುದಿಲ್ಲ.

ಇಲ್ಲಿ ಉಳಿತಾಯದ ದಾರಿಯೊಂದಿದೆ. ಸೆಟ್‌ನ ಪೂರ್ಣ ಲಾಭಕ್ಕೆ ಒಂದೇ ಸೆಟ್‌ನ ನಾಲ್ಕು ಇದ್ದರೆ ಸಾಕು. ಐದನೆಯದು ಯಾವ ಸೆಟ್‌ನದಾದರೂ ನಡೆಯುತ್ತದೆ. ಆ ಸಡಿಲ ಜಾಗವನ್ನು ಬಟ್ಟಲಿಗೇ ಬಿಟ್ಟುಕೊಡಿ, ಯಾಕೆಂದರೆ ಬೇಕಾದ ಬಟ್ಟಲು ಸಿಗುವುದೇ ಕಷ್ಟ. ಆಗ 200ರಲ್ಲಿ ಒಂದು ಎಂಬುದು 100ರಲ್ಲಿ ಒಂದಾಗುತ್ತದೆ. ಬೇರೆ ಪಾತ್ರಕ್ಕೆಂದು ಬೇರೆ ಡೊಮೇನ್‌ನಲ್ಲಿ ಆಡಿದ್ದೂ ಲೆಕ್ಕಕ್ಕೆ ಬರುತ್ತದೆ. ಬೇಡದ ಐದು ಸ್ಟಾರ್ ಮೂರನ್ನು ಕೊಟ್ಟು ಒಂದು ಪಡೆಯುವ ವಿನಿಮಯವೂ ಇದೆ. ಅಲ್ಲಿ ಕೆಲವು ಸೆಟ್‌ಗಳನ್ನು ನಾವೇ ಆರಿಸಬಹುದು. 2024ರ ಆಗಸ್ಟ್‌ನಲ್ಲಿ ಬಂದ 5.0 ಆವೃತ್ತಿಯಲ್ಲಿ 'ಸ್ಯಾಂಕ್ಟಿಫೈಯಿಂಗ್ ಎಲಿಕ್ಸಿರ್' ಎಂಬುದನ್ನು ಸೇರಿಸಿದರು. ಅದರಿಂದ ಸೆಟ್, ಜಾಗ, ಮುಖ್ಯ ಗುಣ ಎಲ್ಲವನ್ನೂ ನಾವೇ ನಿಗದಿ ಮಾಡಿ ಆರ್ಟಿಫ್ಯಾಕ್ಟ್ ಮಾಡಿಸಬಹುದು. ಅದು ಸಿಗುವುದು ಅಪರೂಪ. ಹೂವು, ಗರಿಗೆ ಖರ್ಚು ಮಾಡಬೇಡಿ. ಅವುಗಳ ಮುಖ್ಯ ಗುಣ ಯಾವಾಗಲೂ ಒಂದೇ.

ಎಲ್ಲಕ್ಕಿಂತ ಮೊದಲ ಮಾತು ಇನ್ನೊಂದು. 'ಅಡ್ವೆಂಚರ್ ರ‍್ಯಾಂಕ್' 45 ಮುಟ್ಟಿದ ಮೇಲೆ ಮಾತ್ರ ಡೊಮೇನ್‌ಗಳಲ್ಲಿ ಐದು ಸ್ಟಾರ್ ಖಚಿತ. ಅದಕ್ಕೆ ಮುಂಚೆ ರೆಸಿನ್ ಅನ್ನು ಆರ್ಟಿಫ್ಯಾಕ್ಟ್‌ಗೆ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಆಗ ರೆಸಿನ್ ಹೋಗಬೇಕಾದದ್ದು ಪಾತ್ರ ಮತ್ತು ಆಯುಧದ ಲೆವೆಲ್‌ಗೆ. ಅಲ್ಲಿ ಕವಡೆಯ ಆಟ ಇಲ್ಲ, ಇಷ್ಟು ಹಾಕಿದರೆ ಇಷ್ಟು ಬಲ. ಅದರಲ್ಲೂ ಕೊನೆಯ ಮೆಟ್ಟಿಲು ದುಬಾರಿ. ಪಾತ್ರವನ್ನು 1ರಿಂದ 90ನೇ ಲೆವೆಲ್‌ಗೆ ಒಯ್ಯಲು ಬೇಕಾದ ಒಟ್ಟು ಅನುಭವ ಅಂಕಗಳಲ್ಲಿ ಸುಮಾರು 41% ಕೊನೆಯ ಹತ್ತು ಲೆವೆಲ್‌ಗೇ ಹೋಗುತ್ತದೆ. ಒಬ್ಬನನ್ನು 90 ಮಾಡುವ ಬದಲು ನಾಲ್ವರನ್ನು 80ಕ್ಕೆ ತಂದರೆ ತಂಡ ಗಟ್ಟಿಯಾಗುತ್ತದೆ.

ಎಲ್ಲಿ ನಿಲ್ಲಿಸಬೇಕು?

ಬಟ್ಟಲು ಸಿಕ್ಕಿತು ಅನ್ನಿ. ಅದನ್ನು +20ರವರೆಗೆ ಏರಿಸಬಹುದು. ಮುಖ್ಯ ಗುಣದ ಜೊತೆ ನಾಲ್ಕು ಉಪಗುಣ ಇರುತ್ತವೆ. ಪ್ರತಿ ನಾಲ್ಕು ಲೆವೆಲ್‌ಗೆ ಅವುಗಳಲ್ಲಿ ಒಂದು ಹೆಚ್ಚುತ್ತದೆ. ಯಾವುದು ಎಂಬುದು ಮತ್ತೆ ಕವಡೆ. ನಾಲ್ಕರಲ್ಲಿ ಎರಡು ಉಪಗುಣ ನಿಮಗೆ ಬೇಕಾದವು ಎಂದರೆ ಪ್ರತಿ ಸಲ ಅರ್ಧಕ್ಕರ್ಧ ಅವಕಾಶ.

+20 ಮುಟ್ಟಲು ಒಟ್ಟು 2,70,475 ಅಂಕ ಬೇಕು. ಆದರೆ +4ಕ್ಕೆ ಬೇಕಾದದ್ದು 16,300 ಮಾತ್ರ, ಒಟ್ಟಿನ ಸುಮಾರು 6%. +8ಕ್ಕೆ 44,725, ಅಂದರೆ ಸುಮಾರು 16.5%. ಖರ್ಚೆಲ್ಲ ಇರುವುದು ಮೇಲಿನ ಮೆಟ್ಟಿಲುಗಳಲ್ಲಿ. ಹಾಗಾಗಿ ಮೊದಲ ಎರಡು ಏರಿಕೆಯನ್ನು ಪರೀಕ್ಷೆ ಎಂದುಕೊಳ್ಳಿ. ಎರಡೂ ಬೇಡದ ಗುಣಕ್ಕೆ ಹೋದರೆ ಅಲ್ಲಿಗೇ ನಿಲ್ಲಿಸಿ. ಏರಿಸಿದ ಆರ್ಟಿಫ್ಯಾಕ್ಟನ್ನು ಇನ್ನೊಂದಕ್ಕೆ ಆಹಾರವಾಗಿ ಕೊಟ್ಟರೆ ಹಾಕಿದ ಅಂಕದಲ್ಲಿ 80% ವಾಪಸು ಬರುತ್ತದೆ. ಖರ್ಚು ಮಾಡಿದ ನಾಣ್ಯ ಬರುವುದಿಲ್ಲ.

ಇಲ್ಲಿ ಜಾಣರೊಬ್ಬರು ಕೇಳಬಹುದು: "ಕವಡೆಗೆ ನೆನಪಿಲ್ಲ ಎಂದಿರಿ. ಹಾಗಾದರೆ ಎರಡು ಸಲ ಕೆಟ್ಟದ್ದಾದರೂ ಮುಂದಿನದು ಒಳ್ಳೆಯದಾಗುವ ಅವಕಾಶ ಅಷ್ಟೇ ಇದೆಯಲ್ಲ, ಯಾಕೆ ನಿಲ್ಲಿಸಬೇಕು?" ಅವಕಾಶ ಅಷ್ಟೇ ಇದೆ, ನಿಜ. ಆದರೆ ಒಟ್ಟು ಐದು ಏರಿಕೆಯಲ್ಲಿ ಎರಡು ಕೈಬಿಟ್ಟಾಗಿದೆ, ಉಳಿದದ್ದು ಮೂರೇ. ಹೊಸ ಬಟ್ಟಲಿಗೆ ಐದೂ ಇರುತ್ತವೆ. ಉಳಿದ 83% ಖರ್ಚನ್ನು ಮೂರು ಅವಕಾಶಕ್ಕೆ ಹಾಕುತ್ತೀರೋ, ಐದು ಅವಕಾಶ ಇರುವ ಇನ್ನೊಂದಕ್ಕೆ ಕಾಯುತ್ತೀರೋ ಎಂಬುದಷ್ಟೇ ಪ್ರಶ್ನೆ. "ಇಷ್ಟು ಹಾಕಿದ್ದೇನಲ್ಲ" ಎಂಬ ಸಂಕಟ ಈ ಲೆಕ್ಕದೊಳಗೆ ಬರಬಾರದು. ಹಳೆಯ ಸ್ಕೂಟರ್‌ಗೆ ತಿಂಗಳು ತಿಂಗಳು ರಿಪೇರಿ ಮಾಡಿಸುವ ನಮ್ಮ ಮಾವನವರಿಗೂ ಇದನ್ನು ಹೇಳಿ ನೋಡಿದ್ದೇನೆ, ಪ್ರಯೋಜನವಾಗಿಲ್ಲ.

ಬೇಕಾದ ಉಪಗುಣ ಯಾವುದು ಎನ್ನುವಲ್ಲೂ ಒಂದು ತಪ್ಪು ಸಾಮಾನ್ಯ. 'ಕ್ರಿಟ್ ರೇಟ್' ಎಂದರೆ ದೊಡ್ಡ ಏಟು ಬೀಳುವ ಸಾಧ್ಯತೆ, 'ಕ್ರಿಟ್ ಡ್ಯಾಮೇಜ್' ಎಂದರೆ ಆ ಏಟು ಎಷ್ಟು ದೊಡ್ಡದು. ಹುಡುಗರು ಸ್ಕ್ರೀನ್‌ಶಾಟ್‌ಗೆಂದು ಎರಡನೆಯದನ್ನೇ ಏರಿಸುತ್ತಾರೆ. ಆಟ ಒಂದು ಪಾಲು ರೇಟ್‌ನ ಜಾಗದಲ್ಲಿ ಎರಡು ಪಾಲು ಡ್ಯಾಮೇಜ್ ಕೊಡುತ್ತದೆ. ಹಾಗಾಗಿ 50% ರೇಟ್, 100% ಡ್ಯಾಮೇಜ್ ಇಟ್ಟುಕೊಂಡವನ ಸರಾಸರಿ ಏಟು ಒಂದೂವರೆ ಪಟ್ಟು. ಅಷ್ಟೇ ಬಂಡವಾಳದಲ್ಲಿ 20% ರೇಟ್, 160% ಡ್ಯಾಮೇಜ್ ಮಾಡಿಕೊಂಡವನದು 1.32 ಪಟ್ಟು. ದೊಡ್ಡ ಅಂಕಿ ಕಾಣುವುದು ಎರಡನೆಯವನಿಗೆ, ಶತ್ರು ಬೇಗ ಬೀಳುವುದು ಮೊದಲನೆಯವನಿಗೆ.

ದುಡ್ಡಿನ ಆಯುಧವೇ ಬೇಕೇ?

ಬೇಕಿಲ್ಲ. ಇನಜುಮಾ ಎಂಬ ಪ್ರದೇಶದಲ್ಲಿ ಮೀನು ಹಿಡಿದು ಕೊಟ್ಟರೆ 'ದಿ ಕ್ಯಾಚ್' ಎಂಬ ಈಟಿ ಸಿಗುತ್ತದೆ. ನಯಾಪೈಸೆ ಖರ್ಚಿಲ್ಲ, ಅದನ್ನು ಪೂರ್ತಿ ಸುಧಾರಿಸುವುದೂ ಮೀನಿನಿಂದಲೇ. ರೈಡೆನ್‌ನಂಥ ಐದು ಸ್ಟಾರ್ ಪಾತ್ರಕ್ಕೆ ಅದನ್ನೇ ಕೊಟ್ಟು ಆಡುವವರು ಬಹಳ ಮಂದಿ. ಕಮ್ಮಾರನ ಹತ್ತಿರ ಮಾಡಿಸುವ 'ಐರನ್ ಸ್ಟಿಂಗ್' ಕತ್ತಿ ಇದೆ. ಎಲ್ಲರೂ ಕಸ ಎಂದು ಬಿಸಾಡುವ ಮೂರು ಸ್ಟಾರ್‌ನ 'ಥ್ರಿಲ್ಲಿಂಗ್ ಟೇಲ್ಸ್ ಆಫ್ ಡ್ರಾಗನ್ ಸ್ಲೇಯರ್ಸ್' ಎಂಬ ಪುಸ್ತಕವನ್ನು ಪೂರ್ತಿ ಸುಧಾರಿಸಿದರೆ, ಅದನ್ನು ಹಿಡಿದ ಪಾತ್ರ ಹಿಂದೆ ಸರಿದಾಗ ಮುಂದೆ ಬರುವ ಪಾತ್ರದ ದಾಳಿಬಲ ಹತ್ತು ಸೆಕೆಂಡು 48% ಏರುತ್ತದೆ. ಸ್ಟಾರ್ ನೋಡಿ ಬೆಲೆ ಕಟ್ಟುವವರಿಗೆ ಇದು ಕಾಣುವುದಿಲ್ಲ.

ದುಡ್ಡಿನ ದಾರಿಯ ಲೆಕ್ಕ ಹೀಗಿದೆ. ಅಮೆರಿಕದ ಬೆಲೆಯಲ್ಲಿ 99.99 ಡಾಲರ್‌ನ ದೊಡ್ಡ ಪ್ಯಾಕ್ ಕೊಂಡರೆ ಬೋನಸ್ ಸೇರಿ 8,080 ಹರಳು, ಅಂದರೆ ಸುಮಾರು 50 ವಿಶ್. (ಲಿಂಕ್‌ನವನು ಹೇಳಿದ 6480 ಎಂಬುದು ಈ ಪ್ಯಾಕಿನದೇ ಅಂಕಿ.) ಐದು ಸ್ಟಾರ್ ಬಂದರೂ ಅದು ನೀವು ಬಯಸಿದ ಪಾತ್ರವೇ ಆಗಿರಬೇಕಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಸಲ ಬೇರೆ ಯಾರೋ ಬರುತ್ತಾರೆ, ಆಮೇಲೆ ಮುಂದಿನದು ಖಚಿತ. ಎರಡು ಸಲವೂ 90ರವರೆಗೆ ಎಳೆದರೆ 180 ವಿಶ್. ಅದು 350 ಡಾಲರ್ ದಾಟುತ್ತದೆ. ಒಂದು ಪಾತ್ರಕ್ಕೆ! ಇನ್ನೊಂದು ಕಡೆ, 4.99 ಡಾಲರ್‌ನ ತಿಂಗಳ ಪಾಸ್ 30 ದಿನ ಬಂದು ಹೋದರೆ ಸುಮಾರು 18 ವಿಶ್ ಕೊಡುತ್ತದೆ. ಡಾಲರ್ ಲೆಕ್ಕದಲ್ಲಿ ಏಳು ಪಟ್ಟು ಅಗ್ಗ. ಅಗ್ಗ ಯಾಕೆ? ಒಂದು ದಿನ ತಪ್ಪಿಸಿದರೆ ಆ ದಿನದ್ದು ಹೋಯಿತು. ಅಲ್ಲಿ ಮಾರಾಟವಾಗುವುದು ನಿಮ್ಮ ದಿನಚರಿ.

2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ವಿಷಯಕ್ಕೆ ಹೊಯೊವರ್ಸ್ ಮೇಲೆ ಕ್ರಮ ಕೈಗೊಂಡಿತು. ಗೆಲ್ಲುವ ಸಾಧ್ಯತೆ, ನಿಜವಾದ ಖರ್ಚು ಎರಡನ್ನೂ ಆಟಗಾರರಿಗೆ ತಪ್ಪಾಗಿ ತೋರಿಸಲಾಗಿದೆ, ದುಡ್ಡಿನಿಂದ ಹರಳು, ಹರಳಿನಿಂದ ಪ್ರೈಮೊಜೆಮ್, ಅದರಿಂದ ವಿಶ್ ಎಂಬ ಸುತ್ತುಬಳಸು ಗೊಂದಲ ಹುಟ್ಟಿಸುತ್ತದೆ ಎಂಬುದು ಆರೋಪಗಳಲ್ಲಿ ಸೇರಿತ್ತು. ಕಂಪನಿ 2 ಕೋಟಿ ಡಾಲರ್ ಕೊಡಲು ಒಪ್ಪಿತು. 16 ವರ್ಷದೊಳಗಿನವರಿಗೆ ಹೆತ್ತವರ ಒಪ್ಪಿಗೆ ಇಲ್ಲದೆ ಇಂಥ ಅದೃಷ್ಟದ ಪೆಟ್ಟಿಗೆ ಮಾರುವಂತಿಲ್ಲ ಎಂಬ ಷರತ್ತೂ ಬಂತು. ಆ ಷರತ್ತು ಅಮೆರಿಕಕ್ಕೆ. ನಮ್ಮಲ್ಲಿ ಫೋನ್ ಅಪ್ಪನದು, ಕಾರ್ಡ್ ಅಮ್ಮನದು, ಬೆರಳು ಮಗನದು. ಗೂಗಲ್ ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡುವುದು ಒಂದು ನಿಮಿಷದ ಕೆಲಸ.

"ಕಂಪನಿಯೇ ಮೋಸ ಮಾಡುತ್ತದೆ" ಎಂಬುದು?

ಈ ಮಾತನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ದಕ್ಷಿಣ ಕೊರಿಯಾದ ನೆಕ್ಸಾನ್ ಕಂಪನಿಯ 'ಮೇಪಲ್‌ಸ್ಟೋರಿ'ಯೂ ಆಯುಧ ಸುಧಾರಿಸುವ ಆಟವೇ. 2010ರಲ್ಲಿ ಅದರಲ್ಲಿ 'ಕ್ಯೂಬ್' ಎಂಬ ವಸ್ತು ಬಂತು. ಹಣ ಕೊಟ್ಟು ಕೊಂಡು ಆಯುಧದ ಮೇಲೆ ಬಳಸಿದರೆ ಅದರ ಗುಪ್ತ ಗುಣಗಳು ಬದಲಾಗುತ್ತವೆ. ಮೊದಲು ಎಲ್ಲ ಗುಣಗಳಿಗೂ ಸಮಾನ ಅವಕಾಶ ಇತ್ತು. ಕೆಲವೇ ತಿಂಗಳಲ್ಲಿ, ಆಟಗಾರರು ಹೆಚ್ಚು ಬಯಸುವ ಗುಣಗಳು ಕಡಿಮೆ ಬರುವಂತೆ ಸದ್ದಿಲ್ಲದೆ ಬದಲಿಸಲಾಯಿತು. 2011ರಿಂದ 2021ರವರೆಗೆ, ಎಲ್ಲರೂ ಆಸೆಪಡುತ್ತಿದ್ದ ಕೆಲವು ಜೋಡಣೆಗಳ ಸಾಧ್ಯತೆ ಸೊನ್ನೆಯೇ ಆಗಿತ್ತು. ಬರಲು ಸಾಧ್ಯವೇ ಇಲ್ಲದ್ದಕ್ಕೆ ಜನ ವರ್ಷಗಟ್ಟಲೆ ದುಡ್ಡು ಹಾಕಿದರು. 2024ರ ಜನವರಿಯಲ್ಲಿ ಕೊರಿಯಾದ ಫೇರ್ ಟ್ರೇಡ್ ಕಮಿಷನ್ ನೆಕ್ಸಾನ್‌ಗೆ ಸುಮಾರು 1,160 ಕೋಟಿ ವಾನ್ ದಂಡ ವಿಧಿಸಿತು, ಆಗಿನ ಲೆಕ್ಕದಲ್ಲಿ 70 ಕೋಟಿ ರೂಪಾಯಿಗೂ ಹೆಚ್ಚು. ಅದೇ ವರ್ಷದ ಮಾರ್ಚ್‌ನಿಂದ ಅಲ್ಲಿ ಸಾಧ್ಯತೆಗಳನ್ನು ಪ್ರಕಟಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಚೀನಾದಲ್ಲಿ 2017ರಿಂದಲೇ ಇಂಥ ನಿಯಮ ಇದೆ.

ಹಾಗಾಗಿ ಅನುಮಾನ ಪಡುವುದು ತಪ್ಪಲ್ಲ. ಅನುಮಾನಕ್ಕೆ ಆಧಾರ ಯಾವುದು ಎಂಬುದು ಮುಖ್ಯ. "ನನಗೆ ಬರಲಿಲ್ಲ" ಎಂಬುದು ಆಧಾರವಲ್ಲ; 37 ಜನರ ಲೆಕ್ಕವನ್ನು ಆಗಲೇ ನೋಡಿದಿರಿ. ಸಾವಿರಾರು ಜನರ ದಾಖಲೆ ಒಟ್ಟಿಗಿಟ್ಟು, ಕಂಪನಿ ಹೇಳಿದ ಅಂಕಿಯ ಜೊತೆ ಹೋಲಿಸಿದಾಗ ಹೊಂದದಿದ್ದರೆ ಅದು ಆಧಾರ.

ಆ ಲಿಂಕ್‌ನೊಳಗೆ ಏನಿತ್ತು?

ಆಟದ ಲಾಗಿನ್ ಪುಟದ ತದ್ರೂಪು. ಐಡಿ, ಪಾಸ್‌ವರ್ಡ್ ಹಾಕಿದ ಕೂಡಲೇ ಅವು ಬೇರೆಯವರ ಕೈಗೆ ಹೋದವು. ಎರಡನೇ ಪುಟದಲ್ಲಿ "ಪರಿಶೀಲನೆಗೆ 1 ರೂಪಾಯಿ" ಎಂದು ಯುಪಿಐ ಪಿನ್ ಕೇಳಿತ್ತು. ಫೋನ್ ಚಿಕ್ಕಪ್ಪನದಾಗಿದ್ದರಿಂದ ಪಿನ್ ಅವನಿಗೆ ಗೊತ್ತಿರಲಿಲ್ಲ, ಬಚಾವಾದ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಎಂದೂ ಅಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಿ.

ಉಚಿತ ಪ್ರೈಮೊಜೆಮ್ ಇಲ್ಲವೇ ಇಲ್ಲ ಎಂದಲ್ಲ. ದಿನದ ನಾಲ್ಕು ಕೆಲಸ ಮುಗಿಸಿದರೆ 60 ಸಿಗುತ್ತದೆ. ಹೊಸ ಆವೃತ್ತಿಗೆ ಮುಂಚೆ ಕಂಪನಿ ನಡೆಸುವ ನೇರಪ್ರಸಾರದಲ್ಲಿ ಮೂರು ಕೋಡ್ ಕೊಡುತ್ತಾರೆ, ಒಂದಕ್ಕೆ 100. ಅವುಗಳ ಅವಧಿ ಬೇಗ ಮುಗಿಯುತ್ತದೆ. ಅವನ್ನು ಆಟದೊಳಗಿನ ಸೆಟ್ಟಿಂಗ್ಸ್‌ನಲ್ಲೇ ಹಾಕಬಹುದು, ಯಾವ ಗ್ರೂಪಿಗೂ ಕಳಿಸಬೇಕಿಲ್ಲ. 'ಮಾಡ್ ಎಪಿಕೆ' ಹಾಕಿಕೊಂಡರೆ ಅನ್‌ಲಿಮಿಟೆಡ್ ಎಂಬುದಂತೂ ಆಗದ ಮಾತು. ನಿಮ್ಮ ಪ್ರೈಮೊಜೆಮ್ ಎಷ್ಟು ಎಂಬ ಲೆಕ್ಕ ಇರುವುದು ಕಂಪನಿಯ ಸರ್ವರ್‌ನಲ್ಲಿ. ಫೋನಿನಲ್ಲಿರುವ ಆ್ಯಪ್ ತಿದ್ದಿದರೆ ಅಲ್ಲಿನ ಲೆಕ್ಕ ಬದಲಾಗುವುದಿಲ್ಲ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಪೆನ್ನಿನಿಂದ ಎರಡು ಸೊನ್ನೆ ಸೇರಿಸಿದಂತೆ ಅದು. ಸೇರಿಸಿದವನ ಫೋನಿಗೆ ಯಾವ ವೈರಸ್ ಬಂತು ಎಂಬುದು ಬೇರೆ ಕಥೆ.

ತಮ್ಮನ ಇಮೇಲ್ ಅವನ ಕೈಯಲ್ಲೇ ಇದ್ದುದರಿಂದ ಪಾಸ್‌ವರ್ಡ್ ಬದಲಿಸಿ ಅಕೌಂಟ್ ವಾಪಸು ಪಡೆದ. ಪ್ರೈಮೊಜೆಮ್ ಹೋದದ್ದು ಹೋಯಿತು. ಈಗ ರಾತ್ರಿ ಊಟವಾದ ಮೇಲೆ ಕಂಡೆನ್ಸ್ಡ್ ರೆಸಿನ್‌ನಲ್ಲಿ ನಾಲ್ಕು ಹೋರಾಟ ಮಾಡಿ ಫೋನ್ ಚಿಕ್ಕಪ್ಪನಿಗೆ ಕೊಡುತ್ತಾನೆ. ನಿನ್ನೆ ಒಂದು ಸ್ಕ್ರೀನ್‌ಶಾಟ್ ಬಂತು. ಮಿಂಚಿನ ಬಟ್ಟಲು, ಮೊದಲ ಎರಡು ಏರಿಕೆಯೂ ರಕ್ಷಣಾಬಲಕ್ಕೆ ಹೋಗಿತ್ತು. ಕೆಳಗೆ ಬರೆದಿದ್ದ: "ಅಕ್ಕಾ, ಎಂಟಕ್ಕೇ ನಿಲ್ಲಿಸ್ದೆ."